ಕಾಸಿದ ತಮಟೆ

ನಾಗರಾಜು ಸತ್ತ ದಿನ ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಸತ್ತವನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅನ್ನುತ್ತಾರೆ. ಅನ್ನಲಿ. ಅಂಥ ಮಾತೊಂದನ್ನು ನನ್ನ ತಲೆಗೆ ಕಟ್ಟಿ ಆರಾಮಾಗಿ ಮಲಗಿದವನ ಮೇಲೆ ಇನ್ನೇನು ಮಾಡಿಕೊಳ್ಳಲಿ?

ನಾವು ಮಂಡ್ಯದ ಒಂದು ಆರ್ಕೆಸ್ಟ್ರಾದವರು. ನಾನು ಡ್ರಮ್ ಸೆಟ್, ನಾಗರಾಜು ತಬಲ, ಡೋಲಕ್. ಭಕ್ತಿಗೀತೆ ಕಾರ್ಯಕ್ರಮವಿದ್ದರೆ ಮೃದಂಗಕ್ಕೆ ಕಸ್ತೂರಿರಂಗ ಮೇಷ್ಟ್ರು ಬರುತ್ತಿದ್ದರು. ಅವರು ಮಂಡ್ಯದ ಬ್ರಾಹ್ಮಣರು, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ನಾನೂ ನಾಗರಾಜೂ ಯಲಿಯೂರಿನ ಆಚೆಯ ಒಂದೇ ಊರಿನ ಒಕ್ಕಲಿಗರು, ಊರ ಶಾಲೆಯಲ್ಲಿ ಒಟ್ಟಿಗೆ ಓದಿದವರು. ಮದ್ದೂರಿಗೋ ಮಳವಳ್ಳಿಗೋ ಹೊರಟರೆ ಟೆಂಪೋದಲ್ಲಿ ನಮ್ಮದು ಒಂದೇ ಜಗಳ: ಪ್ರಪಂಚದಲ್ಲಿ ತಾಳವಾದ್ಯ ನುಡಿಸುವವರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು?

"ಪಾಲ್ಘಾಟ್ ಮಣಿ ಅಯ್ಯರ್. ಅಲ್ಲಿಗೆ ಮುಗೀತು ಕಣಯ್ಯಾ," ಎಂದು ಮೇಷ್ಟ್ರು ಶುರುಮಾಡುತ್ತಿದ್ದರು. "ಅವರ ಎಡಗೈ ಬಿದ್ದರೆ ಪಾರಿವಾಳ ಗುಟುರು ಹಾಕಿದ ಹಾಗೆ."

"ನಿಮ್ಮ ಅಯ್ಯರ್‌ಗೆ ಎರಡೇ ಕೈ ಮೇಷ್ಟ್ರೆ," ನಾನು ಅನ್ನುತ್ತಿದ್ದೆ. "ಯೂಟ್ಯೂಬಲ್ಲಿ ಬಡ್ಡಿ ರಿಚ್ ಡ್ರಮ್ಮು ನೋಡಿ. ಎರಡು ಕೈ, ಎರಡು ಕಾಲು, ನಾಕಕ್ಕೂ ಬ್ಯಾರೆಬ್ಯಾರೆ ಕೆಲ್ಸ."

"ಕಾಲಲ್ಲಿ ಒದ್ದು ನುಡಿಸೋದಕ್ಕೂ ಸಂಗೀತ ಅಂತೀಯೇನಯ್ಯಾ? ಅದನ್ನ ನಮ್ಮನೆ ಹಸುವೂ ಮಾಡುತ್ತೆ, ಹಾಲು ಕರೆಯೋವಾಗ."

ನಾಗರಾಜು ನಗುತ್ತಾ ಕೂತಿರುತ್ತಿದ್ದ. ಅವನ ದೇವರು ಜಾಕಿರ್ ಹುಸೇನ್ ಎಂದು ನಮಗೆಲ್ಲ ಗೊತ್ತಿತ್ತು. ಅವನ ಮನೆಯ ನಡುಮನೆಯಲ್ಲಿ ಅವರ ಫೋಟೋ ಇತ್ತು. ಅವರು ತೀರಿಕೊಂಡ ಡಿಸೆಂಬರಿನಲ್ಲಿ ನಾವು ಮಳವಳ್ಳಿಯ ಒಂದು ಮದುವೆಗೆ ಹೊರಟಿದ್ದೆವು. ಮೇಷ್ಟ್ರು ಸಮಾಧಾನ ಹೇಳುವವರ ಹಾಗೆ, "ಹೋಗಲಿ, ಇವತ್ತೊಂದು ದಿನ ನಿನ್ನ ಜಾಕಿರ್ ಹುಸೇನೇ ದೊಡ್ಡೋರು ಅಂತ ಒಪ್ಪಿಬಿಡ್ತೀವಿ," ಅಂದರು.

ನಾಗರಾಜು ತಲೆ ಆಡಿಸಿದ. "ಅವ್ರು ದೊಡ್ಡೋರೇ. ಆದ್ರೆ ಎದುರಿಗೆ ನಿಂತು ಕೇಳಿ ನನ್ನ ಮೈಯೆಲ್ಲ ಜುಂ ಅಂದಿದ್ದು ಒಬ್ಬುಂದೇ. ನಮ್ಮೂರ ಒನ್ನಯ್ಯ."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನಾನೇ ಹೇಳಿದೆ: ಹೊನ್ನಯ್ಯ ನಮ್ಮೂರ ಕಾಲೋನಿಯವನು, ಸರ್ಕಾರಿ ಕೃಷಿ ಕೇಂದ್ರ ವಿ.ಸಿ. ಫಾರಂನಲ್ಲಿ ಗದ್ದೆ ಕೆಲಸ, ಮಾರಮ್ಮನ ಹಬ್ಬದಲ್ಲಿ ತಮಟೆ ಹೊಡೆಯುತ್ತಾನೆ.

"ತಮಟೇನೂ ಇದರಲ್ಲಿ ಸೇರಿಸಿದೆಯಾ!" ಎಂದು ಮೇಷ್ಟ್ರು ನಕ್ಕರು. ನಾನೂ ನಕ್ಕೆ.

ನಾಗರಾಜಿಗೆ ರೇಗಿತು. "ನಾನು ಸತ್ ದಿವ್ಸ ಬನ್ನಿ ಮೇಷ್ಟ್ರೆ. ನನ್ ಹೆಣದ ಮುಂದೆ ಅವ್ನು ಒಡೀತಾನೆ. ಕೇಳ್ಬುಟ್ಟು ಆಮೇಲೆ ಯೋಳಿ ಯಾರು ದೊಡ್ಡೋರು ಅಂತ. ಲೇ ಸಿದ್ದರಾಜು, ನೀನೇ ಅವ್ನ ಕರ್ಕಂಬರಬೇಕು ಕಣ್ಲಾ. ಮಾತು ಕೊಡು."

"ಅವ್ರು ಸಾವಿಗೆ ಒಡೆಯಲ್ಲ ಅಂತ ಬುಟ್ಟವ್ರಲ್ಲೋ," ಅಂದೆ. ನಿಜ. ಕೆಲವು ವರ್ಷಗಳ ಹಿಂದೆ ಕಾಲೋನಿಯವರು ಯಾರ ಹೆಣದ ಮುಂದೆಯೂ ತಮಟೆ ಹಿಡಿಯುವುದಿಲ್ಲ ಎಂದು ಸಭೆ ಸೇರಿ ತೀರ್ಮಾನ ಮಾಡಿದ್ದರು. ಊರಿನವರು ಹಾರಾಡಿ ಸುಮ್ಮನಾಗಿ, ಸಾವಾದರೆ ಮಂಡ್ಯದಿಂದ ಬ್ಯಾಂಡ್ ಸೆಟ್ ಕರೆಸುತ್ತಿದ್ದರು.

"ನಂಗೆ ಬತ್ತಾನೆ. ನಾನೇನು ಬ್ಯಾರೆಯವ್ನಾ ಅವ್ನಿಗೆ? ನೀನು ಮಾತು ಕೊಡ್ಲಾ."

"ಮೊದ್ಲು ಸಾಯಿ, ಆಮೇಲೆ ನೋಡವ," ಎಂದು ಕೈ ಮೇಲೆ ಕೈ ಹಾಕಿದೆ.

ಬೇಸಿಗೆಯಲ್ಲಿ ಸತ್ತ. ಬೆಳಗಿನ ಜಾವ ಕಬ್ಬಿಗೆ ನೀರು ಕಟ್ಟಲು ಹೋದವನು ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತನಂತೆ, ಮತ್ತೆ ಏಳಲಿಲ್ಲ.

ಬೆಳಿಗ್ಗೆ ನಾನು ಹೋದಾಗ ಅವನ ಹೆಂಡತಿ ಸುನಿತಾ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಕೇಳಿದ ಮೊದಲ ಮಾತು, "ಒನ್ನಯ್ಯನ್ಗೆ ಯೋಳುದ್ರಾ ಅಣ್ಣಾ? ಅದೊಂದ್ ಮಾತ ಮನೇಲೂ ಯೋಳ್ತಾನೇ ಇದ್ರು."

ಬೈಕು ಹತ್ತಿದೆ. ದಾರಿಯಲ್ಲಿ ಅಂಗಡಿಯಿಂದ ಎಲೆಅಡಿಕೆ ತೆಗೆದುಕೊಂಡೆ. ಸಾವಿನ ಸುದ್ದಿ ಹೇಳಿ ತಮಟೆಯವರ ಕೈಗೆ ಎಲೆಅಡಿಕೆ ಕೊಟ್ಟರೆ ಕರೆದ ಹಾಗೆ. ನಮ್ಮಪ್ಪ ಹಾಗೇ ಕರೆಯುತ್ತಿದ್ದ. ಕಾಲೋನಿಯ ಬೀದಿ ಬಾಯಲ್ಲಿ ಬೈಕು ನಿಲ್ಲಿಸಿ, ಇಳಿಯದೆಯೇ ಕೂಗಿದೆ.

"ಲೇ ಒನ್ನಯ್ಯಾ!"

ಬಂದ. ಕಣ್ಣು ಕೆಂಪಗಿದ್ದವು. ಸುದ್ದಿ ಆಗಲೇ ತಿಳಿದಿತ್ತು. ನಮ್ಮ ವಯಸ್ಸಿನವನೇ, ಅದೇ ಶಾಲೆಯಲ್ಲಿ ಓದಿದವನು. "ಬನ್ನಿ ಸಿದ್ದರಾಜಣ್ಣ, ಜಗಲಿ ಮ್ಯಾಲೆ ಕೂತ್ಕಳಿ," ಅಂದ.

"ಕೂರಕ್ಕೆ ಒತ್ತಿಲ್ಲ ಕಣ್ಲಾ. ಮಧ್ಯಾನಕ್ಕೇ ಎತ್ತಬೇಕು. ನಾಗರಾಜಂದು ಒಂದೇ ಆಸೆ, ನೀನು ಮುಂದೆ ಒಡೀಬೇಕು. ತಕಾ," ಎಂದು ಎಲೆಅಡಿಕೆ ಚಾಚಿದೆ.

ಅವನು ಅದನ್ನು ನೋಡಿದ, ಮುಟ್ಟಲಿಲ್ಲ. "ಮಣ್ಣಿಗೆ ಬತ್ತೀನಿ. ತಮಟೆ ತರಲ್ಲ."

"ಬ್ಯಾರೆಯೋರ ವಿಚಾರ ಬುಡು. ಅವ್ನು ನಿನ್ನ ಎಷ್ಟು ಮೇಲಿಟ್ಟಿದ್ದ ಗೊತ್ತಾ? ಜಾಕಿರ್ ಹುಸೇನ್‌ಗಿಂತ ನೀನೇ ದೊಡ್ಡೋನು ಅಂತಿದ್ದ."

"ಎಲ್ಲಿ ಅಂತಿದ್ರು?"

"ಟೆಂಪೋದಲ್ಲಿ. ಎಲ್ರ ಮುಂದೇನೂ."

"ನನ್ ಮುಂದೆ ಒಂದ್ಸಲನೂ ಯೋಳ್ನಿಲ್ಲ." ಟವೆಲಿನಿಂದ ಮುಖ ಒರೆಸಿಕೊಂಡ. "ಇಷ್ಟು ವರ್ಷ ಊರೂರು ತಿರುಗುದ್ರಿ. ಆ ಟೆಂಪೋದಲ್ಲಿ ನಂಗೂ ಒಸಿ ಜಾಗ ಕೊಟ್ಟಿದ್ರೆ ನಾನೂ ಕೇಳ್ಕತಿದ್ದೆ. ದೊಡ್ಡೋನು ದೊಡ್ಡೋನು ಅಂದ್ಬುಟ್ಟು, ಕರಿಯಕ್ಕೆ ಮಾತ್ರ ಎಣಾನೇ ಬೇಕಾಯ್ತಾ ಸಿದ್ದರಾಜಣ್ಣ?"

ನನಗೆ ರಕ್ತ ನೆತ್ತಿಗೇರಿತು. "ಸತ್ತೋನ ಆಸೆಗೂ ನ್ಯಾಯ ಮಾತಾಡ್ತೀಯಲ್ಲೋ! ಅವ್ನು ನಿನ್ ಸ್ನೇಹಿತ ಅಲ್ವಾ?" ಎಂದು ಕೂಗಿದೆ. ಬೀದಿಯ ಬಾಗಿಲುಗಳಲ್ಲಿ ಜನ ಕಾಣಿಸಿಕೊಂಡರು.

ಹೊನ್ನಯ್ಯ ಒಳಗೆ ಹೋಗಿ ತಮಟೆ ತಂದ. ಜಗಲಿಯ ಪಕ್ಕದಿಂದ ಒಂದು ಹಿಡಿ ಹುಲ್ಲು ಎಳೆದು, ಬೀದಿಯಲ್ಲೇ ಬೆಂಕಿ ಹಾಕಿ, ಚರ್ಮವನ್ನು ಉರಿಯ ಮೇಲೆ ಹಿಡಿದು ತಿರುಗಿಸತೊಡಗಿದ. ಬಿಸಿ ತಾಗಿದರೇ ತಮಟೆ ಬಿಗಿಯುವುದು. ಬೆರಳ ತುದಿಯಿಂದ ತಟ್ಟಿ ನೋಡಿದ, ಇನ್ನೂ ಸ್ವಲ್ಪ ಕಾಸಿದ, ಮತ್ತೆ ತಟ್ಟಿದ. ಆ ಒಂದು ಏಟಿಗೆ ಹುಣಸೆಮರದ ಕಾಗೆಗಳು ಎದ್ದವು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಒಪ್ಪಿಕೊಂಡ, ಮಾತು ಉಳಿಯಿತು ಅಂದುಕೊಂಡು ಬೈಕಿನಿಂದ ಇಳಿದೆ.

ಅವನು ನೇರ ನನ್ನ ಹತ್ತಿರ ಬಂದು ತಮಟೆಯನ್ನೂ ಕಡ್ಡಿಗಳನ್ನೂ ನನ್ನ ಮುಂದೆ ಚಾಚಿದ.

"ತಕಳಿ."

"ಏನ್ಲಾ?"

"ನಿಮ್ಗೂ ಬತ್ತದೆ. ಚಿಕ್ಕೋರಿದ್ದಾಗ ಮಾರಮ್ಮನ ಗುಡಿ ಇಂದೆ ಕದ್ದು ಒಡ್ದು ನನ್ ಅತ್ರನೇ ಕಲ್ತಿದ್ರಿ. ಸಭೇಲಿ ತೀರ್ಮಾನ ಆಗಿರದು ನಮ್ಗೆ, ನಿಮ್ಗಲ್ಲ. ನಿಮ್ ಸ್ನೇಹಿತ, ನೀವೇ ಒಡೀರಿ. ಕತ್ತಿಗೆ ಆಕ್ಕಳಿ, ಇಲ್ಲಿಂದ ಊರೊಳಕ್ಕೆ ನಡ್ಕಂಡು ಓಗಿ. ನಾನು ಪಕ್ಕದಲ್ಲೇ ಬತ್ತೀನಿ. ನೀವು ಆಕ್ಕಂಡ್ರೆ ನಾನೂ ಇನ್ನೊಂದು ತತ್ತೀನಿ, ಸಭೆಯೋರ್ಗೆ ನಾನೇ ಉತ್ರ ಯೋಳ್ಕತೀನಿ."

ಕೈ ಮುಂದೆ ಹೋಯಿತು. ಚರ್ಮದ ಬಿಸಿ ಬೆರಳಿಗೆ ತಾಗಿತು. ಆಮೇಲೆ ನನ್ನ ಕಣ್ಣ ಮುಂದೆ ಬಂದದ್ದು ನಾಗರಾಜನ ಮುಖವಲ್ಲ. ತಮಟೆ ಕತ್ತಿಗೆ ಹಾಕಿಕೊಂಡು ಅರಳಿಕಟ್ಟೆ ದಾಟುವ ನಾನು; ಕಟ್ಟೆಯ ಮೇಲೆ ಕೂತ ನಮ್ಮವರು; ಬಾಗಿಲಲ್ಲಿ ನಿಂತ ನನ್ನ ಹೆಂಡತಿ. ಸಾವಿರ ಜನರ ಮುಂದೆ ಸ್ಟೇಜಿನಲ್ಲಿ ಡ್ರಮ್ಮು ಹೊಡೆದವನು ನಾನು. ಕೈ ಹಿಂದಕ್ಕೆ ಬಂತು.

"ಅದು ನಮ್ಮ ಕೆಲ್ಸ ಅಲ್ಲ ಕಣ್ಲಾ," ಅಂದೆ.

"ಉಂ," ಅಂದ ಹೊನ್ನಯ್ಯ. "ಅಂಗಾರೆ ಓಗಿ."

ನಾಗರಾಜನ ಮನೆಗೆ ವಾಪಸ್ಸು ಬಂದಾಗ ಮೇಷ್ಟ್ರು ಮಂಡ್ಯದಿಂದ ಬಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. "ಎಲ್ಲಯ್ಯಾ, ಆತ ಬರಲಿಲ್ಲವೇ? ನಾನು ಅದಕ್ಕೇ ಅಂತಲೇ ಬೇಗ ಬಂದೆ," ಅಂದರು. ಸುನಿತಾ ತಲೆ ಎತ್ತಿ ನನ್ನನ್ನೇ ನೋಡಿದಳು.

"ಬರಲ್ಲ ಅಂದ. ಕೊಬ್ಬು," ಅಂದೆ. ತಮಟೆ ಚಾಚಿದ್ದನ್ನು ಹೇಳಲಿಲ್ಲ.

ಉಪಾಯ ಹೊಳೆದದ್ದೂ ನನಗೇ. ಮಾರಮ್ಮನ ಹಬ್ಬದಲ್ಲಿ ಹೊನ್ನಯ್ಯ ಹೊಡೆದದ್ದನ್ನು ನಾಗರಾಜು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. ಆರ್ಕೆಸ್ಟ್ರಾದ ಸ್ಪೀಕರನ್ನು ಟೆಂಪೋಗೆ ಏರಿಸಿ, ಚಟ್ಟದ ಮುಂದೆ ಬಿಟ್ಟು, ಅದನ್ನೇ ಹಾಕಿದೆ. ಅರಳಿಕಟ್ಟೆ ದಾಟುವಾಗ ಹೊಡೆತ ಏರಿತು. ಹೊತ್ತವರ ಹೆಜ್ಜೆ ತಾನಾಗಿ ಅದಕ್ಕೆ ಕೂಡಿಕೊಂಡಿತು. ಮೇಷ್ಟ್ರು ಬೆರಳು ಮಡಿಸುತ್ತಾ ತಾಳ ಹಾಕಲು ಹೋಗಿ, ಎಲ್ಲೋ ತಪ್ಪಿ, ಮತ್ತೆ ಮೊದಲಿನಿಂದ ಶುರುಮಾಡಿದರು. "ಅಯ್ಯೋ, ಏನಯ್ಯಾ ಇದು," ಅಂದರು. ನಾಗರಾಜು ಗೆದ್ದ ಅಂದುಕೊಂಡೆ.

ಕಾಲೋನಿಯ ಬೀದಿ ಬಾಯಲ್ಲಿ ಹೊನ್ನಯ್ಯ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಹಾರ ಹಿಡಿದು ನಿಂತಿದ್ದ. ಟೆಂಪೋದ ಮುಂದೆ ಅಡ್ಡ ಬಂದು ಕೈ ಎತ್ತಿದ.

"ನಿಲ್ಸಿ ಅದ."

"ಲೇ, ದಾರಿ ಬುಡು!" ಎಂದು ಯಾರೋ ಗದರಿದರು.

"ಅದು ನಾನು ಮಾರಮ್ಮನ್ಗೆ ಒಡ್ದಿದ್ದು. ಎಣಕ್ಕಲ್ಲ. ನನ್ನ ಕೇಳ್ದೆ ನನ್ ಕೈಯ ಎಣದ ಮುಂದೆ ತಂದ್ಬುಟ್ರಲ್ಲಾ. ನಿಲ್ಸಿ."

ಅವನು ನನ್ನನ್ನೇ ನೋಡುತ್ತಿದ್ದ. ಬೆಳಗಿನದನ್ನು ಈಗ ಎಲ್ಲರ ಮುಂದೆ ಹೇಳಿಬಿಡುತ್ತಾನೆ ಅನ್ನಿಸಿತು. ಸ್ವಿಚ್ಚು ಆರಿಸಿದೆ.

ಅವನು ಹಾರವನ್ನು ನಾಗರಾಜನ ಎದೆಯ ಮೇಲಿಟ್ಟು, ಹಣೆ ಮುಟ್ಟಿ, ಎಲ್ಲರಿಗಿಂತ ಹಿಂದೆ ನಡೆದು ಬಂದ. ಹೊತ್ತವರ ಹೆಜ್ಜೆ ಕೆಟ್ಟುಹೋಗಿತ್ತು. ಮೇಷ್ಟ್ರು ನನ್ನ ಕಿವಿಯ ಹತ್ತಿರ, "ಮೌನಾನೂ ಒಂದು ಲಯವೇ ಕಣಯ್ಯಾ," ಅಂದರು. "ಬಾಯಿ ಮುಚ್ಕಂಡು ನಡೀರಿ ಮೇಷ್ಟ್ರೆ," ಅಂದೆ.

ಮಣ್ಣು ಹಾಕಿ ಎಲ್ಲರೂ ಚದುರುವಾಗ ಹೊನ್ನಯ್ಯ ಕೈ ಒರೆಸಿಕೊಳ್ಳುತ್ತಾ ನನ್ನ ಪಕ್ಕ ನಿಂತ.

"ಇನ್ಮ್ಯಾಕೆ ಟೆಂಪೋದಲ್ಲಿ ಆ ಮಾತು ಬಂದ್ರೆ ನನ್ ಎಸ್ರು ಎತ್ತಬ್ಯಾಡಿ ಸಿದ್ದರಾಜಣ್ಣ."

"ಎತ್ತಲ್ಲ, ಓಗ್ಲಾ," ಅಂದೆ.

ಎತ್ತಿಲ್ಲ. ನಾಗರಾಜನ ಜಾಗಕ್ಕೆ ಈಗ ವಂಶಿ ಅಂತ ಮಂಡ್ಯದವನೊಬ್ಬ ಬಂದಿದ್ದಾನೆ, ಮೇಷ್ಟ್ರ ಶಿಷ್ಯ. ಮದ್ದೂರು ದಾಟುವಷ್ಟರಲ್ಲಿ ಜಗಳ ಶುರುವಾಗುತ್ತದೆ. ಮಣಿ ಅಯ್ಯರ್ ಅನ್ನುತ್ತಾರೆ ಮೇಷ್ಟ್ರು, ಮೊದಲಿನ ಜೋರಿಲ್ಲದೆ. ವಂಶಿ ಇನ್ಯಾರೋ ಇಂಗ್ಲಿಷಿನವನ ಹೆಸರು ಹೇಳುತ್ತಾನೆ. ಆಮೇಲೆ ಇಬ್ಬರೂ ನನ್ನ ಕಡೆ ತಿರುಗುತ್ತಾರೆ. ನಾನು ಬಡ್ಡಿ ರಿಚ್ ಅನ್ನುತ್ತೇನೆ. ನಿಜವಾದ ಹೆಸರು ಬಾಯಿಗೆ ಬಂದು ನಿಲ್ಲುತ್ತದೆ, ಬೆರಳ ತುದಿ ಬಿಸಿಯಾಗುತ್ತದೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ.