ದಂಡದ ತುದಿಯ ಬೆರಳು

"ನೂರು ಗ್ರಾಂ ಅಂದ್ರ ಎಷ್ಟಪಾ, ದೇವ್ರ?"

ಬಾಕ್ಸಿಂಗ್ ಅಖಾಡದ ಮೂಲೆಯಲ್ಲಿ ನನ್ನ ಧೂಳು ಒರೆಸುವಾಗಲೆಲ್ಲ ಅಡಿವೆಪ್ಪ ಹೀಗೆ ಕೇಳುತ್ತಾನೆ. ಸುತ್ತ ಯಾರೂ ಇರುವುದಿಲ್ಲ. ನಾನಿರುತ್ತೇನೆ, ಆದರೆ ನನಗೆ ಬಾಯಿಲ್ಲ. ನಾನು ಒಂದು ಹಳೆಯ ತೂಕದ ಕಾಟಾ. ನಿಲ್ಲಲು ಹಲಗೆ, ಎದೆಯ ಮಟ್ಟಕ್ಕೆ ಉದ್ದನೆಯ ದಂಡ, ದಂಡದ ಮೇಲೆ ಸರಿಯುವ ಗುಂಡು: ಇಷ್ಟೇ ನನ್ನ ಮೈ.

ಬೆಳಗಾವಿಯ ಎರಕದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಮೈ ಆರುವ ಮೊದಲೇ ಬೆಲ್ಲದ ಸಾಹುಕಾರ ಗುರುಲಿಂಗಪ್ಪನ ಅಂಗಡಿ ಸೇರಿದೆ. ಮೊದಲ ವಾರವೇ ಅವನು ನನ್ನ ಗುಂಡಿಗೆ ಸಣ್ಣ ತೂತು ಕೊರೆಸಿ ಸೀಸ ಹೊಯ್ಯಿಸಿದ. ಅಂದಿನಿಂದ ಯಾವ ರೈತ ಬೆಲ್ಲ ಮಾರಲು ತಂದರೂ ನಾನು ಕಡಿಮೆಯೇ ತೋರಿಸಿದೆ. ಅದೇ ಅಂಗಡಿಯ ಕಟ್ಟೆಯಲ್ಲಿ ಶ್ರಾವಣದ ಸಂಜೆಗಳಲ್ಲಿ ಶಾಸ್ತ್ರಿಗಳು ಷಟ್ಪದಿ ಓದುತ್ತಿದ್ದರು. ಒಂದು ಮಾತ್ರೆ ಹೆಚ್ಚಾದರೂ ಸಾಲು ಕುಂಟುತ್ತದೆ ಎಂದು ಅವರು ಹೇಳಿದಾಗ ಸಾಹುಕಾರ ಕಣ್ಣು ಮುಚ್ಚಿ ತಲೆದೂಗಿದ. ಹೊಟ್ಟೆಯಲ್ಲಿ ಸೀಸ ಇಟ್ಟುಕೊಂಡು ನಾನೂ ಕೇಳಿದೆ.

ಒಂದು ದಿನ ತೂಕ-ಅಳತೆಯ ತನಿಖೆಯವರು ಬಂದು ಸೀಸ ತೆಗೆಸಿ, ಹೊಸ ಮುದ್ರೆ ಒತ್ತಿ, ನನ್ನನ್ನು ಹರಾಜಿಗಿಟ್ಟರು. ಕೊಂಡವನು ಅಖಾಡದಲ್ಲಿ ತೂಕ ನೋಡುವ ಅಡಿವೆಪ್ಪ. ಸಾಹುಕಾರ ಹೊಸ ಕಾಟಾ ತಂದ. ಅದಕ್ಕೂ ಸೀಸ ಉಣಿಸಿರಬೇಕು, ಹಳೆಯ ಚಾಳಿ.

ಇಲ್ಲಿ ಬೆಲ್ಲದ ಬದಲು ಮನುಷ್ಯರು ಹತ್ತಿದರು. ಫ್ಲೈ ಅಂದರೆ ನೊಣದಷ್ಟು ಹಗುರ, ಫೆದರ್ ಅಂದರೆ ಗರಿಯಷ್ಟು. ಗರಿಯಾಗಲು ಎರಡು ದಿನ ನೀರು ಬಿಟ್ಟು, ತುಟಿ ಒಡೆದುಕೊಂಡು ಬಂದವರನ್ನು ಹೊತ್ತಿದ್ದೇನೆ. ಸರಿಸಮ ಮೈಗಳೇ ಹೊಡೆದಾಡಲಿ ಎಂದು ಈ ತೂಕದ ವರ್ಗಗಳು. ಅದಕ್ಕೇ ಅಡಿವೆಪ್ಪ ನನ್ನನ್ನು ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದ.

ಒಂದು ತೂಕದ ದಿನ ಕೊನೆಗೆ ಹತ್ತಿದವನು ಸಿದರಾಯ. ಗುರುಲಿಂಗಪ್ಪನ ಅಂಗಡಿಯ ಹಮಾಲ, ಲೈಟ್ ವರ್ಗದ ಬಾಕ್ಸರ್. ಮರುದಿನ ಪಟ್ಟಕ್ಕಾಗಿ ಪಂದ್ಯ. ಆರು ವರ್ಷ ಕಾದು ಪಡೆದ ಸರದಿ. ಮಿತಿ ಅರವತ್ತೊಂದು ಕಿಲೋ ಇನ್ನೂರು ಗ್ರಾಂ. ಎದುರಾಳಿ ಆಗಲೇ ತೂಕ ಕೊಟ್ಟು ಗಂಜಿ ಕುಡಿಯಲು ಹೋಗಿದ್ದ.

ಸಿದರಾಯ ನಿಂತ. ಗುಂಡು ಮಿತಿಯ ಗೆರೆಯಲ್ಲಿದ್ದರೂ ನನ್ನ ದಂಡ ಮೇಲೆದ್ದು ಟಕ್ಕೆಂದಿತು. ಅರ್ಧ ಕಿಲೋ ಹೆಚ್ಚು.

"ಸುಳ್ಳು! ಮುಂಜಾನೆ ಅಂಗಡ್ಯಾಗ ಬರೋಬ್ಬರಿ ಇತ್ತು," ಎಂದ ಸಿದರಾಯ.

"ಯಾರ ಅಂಗಡ್ಯಾಗೋ?" ಎಂದ ಅಡಿವೆಪ್ಪ.

"ನಮ್ಮ ಸಾವುಕಾರ್ರ ಕಾಟಾದಾಗ. ದಿನಾ ಅಲ್ಲೇ ನೋಡ್ಕೊಂತಿದ್ದೆ."

ಅಡಿವೆಪ್ಪ ಹಣೆ ಬಡಿದುಕೊಂಡ. "ಅಯ್ಯ ಹುಚ್ಚಪ್ಯಾಲಿ! ಬೆಲ್ಲ ಕೊಳ್ಳೋರ ಕಾಟಾ ಎಂದಾರ ನಿಜ ಹೇಳತೈತೇನು? ಇದೂ ಅಲ್ಲಿದ್ದಾಗ ಹಂಗ ಇತ್ತು. ಸೀಸ ತಗದ ಮ್ಯಾಲ ನೆಟ್ಟಗಾತು."

ಸಿದರಾಯ ನನ್ನ ಗುಂಡಿನ ಮುಚ್ಚಿದ ತೂತನ್ನು ಬೆರಳಿನಿಂದ ಸವರಿದ.

ತೂಕ ಇಳಿಸಲು ಎರಡು ತಾಸು ಗಡುವು ಸಿಕ್ಕಿತು. ಉಣ್ಣೆಯ ಅಂಗಿ ತೊಟ್ಟು ಬಿಸಿಲಲ್ಲಿ ಓಡಿದ, ಹಗ್ಗ ಜಿಗಿದ, ಉಗುಳು ಬತ್ತುವ ತನಕ ಉಗುಳಿದ. ತಿರುಗಿ ಬಂದು ನನ್ನ ಮೇಲೆ ನಿಂತ. ದಂಡ ಮತ್ತೆ ಮೇಲೆದ್ದಿತು. ಇನ್ನೂ ನೂರು ಗ್ರಾಂ.

ತೂಕ ಬರೆದುಕೊಳ್ಳುವ ಅಧಿಕಾರಿ ಕಾಗದ ತರಲು ಪಕ್ಕದ ಕೋಣೆಗೆ ಹೋದರು. ಸಿದರಾಯನಿಗೆ ಬಾಕ್ಸಿಂಗ್ ಕಲಿಸುವ ದಸ್ತಗೀರ ಉಸ್ತಾದರು ಅಡಿವೆಪ್ಪನ ಕಿವಿಗೆ ಬಾಗಿದರು.

"ಅಡಿವೆಪ್ಪಣ್ಣ, ತುದಿಗೆ ಒಂದು ಬೆರಳು. ಅವರು ಬಂದು ನೋಡಿ ಬರಕೊಳ್ಳೂತನಕ ಅಷ್ಟ. ಹುಡುಗನ ಆರು ವರ್ಷ ಅದಾವು."

ಅಡಿವೆಪ್ಪ ಸಿದರಾಯನ ಒಡೆದ ತುಟಿ ನೋಡಿದ. ಕೈ ಎತ್ತಿದ. ಆಗಷ್ಟೇ ತೊಳೆದಿದ್ದ ಕೈಯೇ ಅದು, ಇನ್ನೂ ತಣ್ಣಗಿತ್ತು. ಬೆರಳು ನನ್ನ ತುದಿಯ ಮೇಲೆ ಕೂತಿತು. ದಂಡ ಇಳಿದು ನೇರವಾಯಿತು. ಹೆಚ್ಚಾದ ಮಾತ್ರೆಯನ್ನು ನುಂಗಿ ಓದಿದ ಸಾಲಿನಂತೆ ಇತ್ತು ನನಗೆ. ಕಬ್ಬಿಣಕ್ಕೆ ಬೇಡ ಅನ್ನುವ ಶಕ್ತಿ ಇಲ್ಲ. ಯಾರು ಒತ್ತಿದರೂ ಬಾಗುವುದೇ ನಮ್ಮ ಬಾಳು.

ಪಕ್ಕದ ಕೋಣೆಯಿಂದ ಹೆಜ್ಜೆ ಕೇಳಿಸಿತು.

"ಮಿಸುಕಬ್ಯಾಡ, ಸುಮ್ನ ನಿಂದ್ರು ಮಗನ," ಎಂದರು ಉಸ್ತಾದರು.

ಸಿದರಾಯ ನನ್ನ ಮೇಲಿಂದಲೇ ಬಗ್ಗಿ, ಅಡಿವೆಪ್ಪನ ಬೆರಳು ಹಿಡಿದು ಮೆಲ್ಲಗೆ ಎತ್ತಿದ. ದಂಡ ಟಕ್ಕೆಂದಿತು.

"ನಮ್ಮಪ್ಪನ ಬೆಲ್ಲ ಇದರ ಮ್ಯಾಲ ಹಿಂಗ ಹೋಗೇತಿ ಕಾಕಾ," ಎಂದ. "ನಾ ಒಲ್ಲೆ."