ಚಿಕ್ಕಪ್ಪ ಕೂರಿಸಿದ ಬ್ರೇಕು

ನೀರೆತ್ತುವ ಹಳೆಯ ಗಾಳಿಯಂತ್ರವೊಂದನ್ನು ರಿಪೇರಿ ಮಾಡಿ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಲ್ಲಿಸುವ ಕೆಲಸ ಸಿಕ್ಕಾಗ, ಅದು ತಮ್ಮದೇ ತೋಟದಲ್ಲಿದ್ದದ್ದೆಂದು ಫಿಟ್ಟರ್ ಯಾರಿಗೂ ಹೇಳಲಿಲ್ಲ. ನಲವತ್ತು ವರ್ಷಗಳ ಹಿಂದೆ ಅದರ ಮೇಲೇರಿ ಎಣ್ಣೆ ಬಿಡುತ್ತಿದ್ದ ಅಪ್ಪ, ಚಕ್ರ ಇದ್ದಕ್ಕಿದ್ದಂತೆ ತಿರುಗಿ, ರೆಕ್ಕೆ ಬಡಿದು, ಕೆಳಗೆ ಬಿದ್ದು ಸತ್ತಿದ್ದ. ಬ್ರೇಕು ಜಾರಿತು ಎಂದರು ಎಲ್ಲರೂ. ಅದನ್ನು ಕೂರಿಸಿದವನು ಚಿಕ್ಕಪ್ಪ. ಅಮ್ಮ ಮತ್ತೆ ಅವನ ಮುಖ ನೋಡಲಿಲ್ಲ; ಸಾಯುವಾಗಲೂ ಕರೆಸಲಿಲ್ಲ. ಯಂತ್ರವನ್ನೂ ಆಮೇಲೆ ಯಾರೂ ಮುಟ್ಟಲಿಲ್ಲ.

ಮೂರನೇ ವಾರ ಫಿಟ್ಟರ್ ಬ್ರೇಕನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ತುಕ್ಕಿನ ಕೆಳಗೆ, ಚಕ್ರವನ್ನು ಬಿಗಿಹಿಡಿಯುವ ಪಟ್ಟಿ ಸವೆದೇ ಇರಲಿಲ್ಲ. ಮತ್ತೆ ಜೋಡಿಸಿ, ಬುಡದಲ್ಲಿದ್ದ ಬ್ರೇಕಿನ ಹಿಡಿಯನ್ನು ಎಳೆದು ಸಿಕ್ಕಿಸಿ, ಇಬ್ಬರು ಆಳುಗಳಿಂದ ಚಕ್ರ ನೂಕಿಸಿದ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಅಂದು ಸಂಜೆ ಅಕ್ಕನ ಮನೆಗೆ ಓಡಿದ.

"ಚಿಕ್ಕಪ್ಪಂದು ತಪ್ಪೇ ಇಲ್ಲ ಕಣೇ ಅಕ್ಕಾ! ಬ್ರೇಕು ಕಲ್ಲಿನ ಹಾಗಿದೆ. ಕೆಳಗಿಂದ ಯಾರೋ ಹಿಡಿ ಬಿಟ್ಟಿರಬೇಕು."

ಬಟ್ಟೆ ಮಡಿಸುತ್ತಿದ್ದ ಅಕ್ಕನ ಕೈ ನಿಂತಿತು.

"ಯಾರೋ ಅಲ್ಲ, ನಾನೇ. ದನಕ್ಕೆ ತೊಟ್ಟೀಲಿ ನೀರಿರಲಿಲ್ಲ. ಅಪ್ಪ ಮೇಲಿದಾನೆ ಅಂತ ಗೊತ್ತಿರಲಿಲ್ಲ ಕಣೋ. ಹನ್ನೊಂದು ವರ್ಷ ನಂಗೆ. ಬಿದ್ದದ್ದು ನೋಡಿ ಹಿಡಿ ಮತ್ತೆ ಎಳೆದುಬಿಟ್ಟೆ."

"ಇಷ್ಟು ವರ್ಷ ಬಾಯಿ ಬಿಡಲಿಲ್ವಲ್ಲೇ!"

"ಮೊದಮೊದಲು ಹೆದರಿಕೆ. ಆಮೇಲೆ, ಹೇಳದೇ ಇದ್ದದ್ದೇ ಅದಕ್ಕಿಂತ ದೊಡ್ಡ ತಪ್ಪಾಗಿ ಕೂತುಬಿಡ್ತು."

ಅವನಿಗೆ ಮೈಯೆಲ್ಲ ಉರಿಯಿತು. ಆದರೆ ಅಪ್ಪ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದವಳು ಇವಳೇ. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ಮರುದಿನ ಅವಳೇ ಚಿಕ್ಕಪ್ಪನ ಬಾಡಿಗೆ ಕೋಣೆಯ ಬಾಗಿಲು ತಟ್ಟಿದಳು. ಫಿಟ್ಟರ್ ಅವಳ ಹಿಂದೆ ನಿಂತ. ಎಂಬತ್ತು ದಾಟಿದ ಮುದುಕ ಎಲ್ಲವನ್ನೂ ಕೇಳಿಸಿಕೊಂಡ. ಬೈಯಲಿಲ್ಲ, ಅಳಲಿಲ್ಲ.

"ನಾನೂ ಬ್ರೇಕೇ ಜಾರಿತು ಅಂತ ನಂಬಿಬಿಟ್ಟಿದ್ದೆನಲ್ಲಮ್ಮಾ," ಎಂದ. "ಆವತ್ತಿಂದ ಸ್ಪ್ಯಾನರ್ ಮುಟ್ಟಲಿಲ್ಲ. ಗೋದಾಮಿನ ಬಾಗಿಲು ಕಾಯ್ತಾ ಕೂತೆ." ಆಮೇಲೆ ಫಿಟ್ಟರನ ಕಡೆ ತಿರುಗಿದ. "ಅದನ್ನ ನಂಗೆ ತೋರಿಸ್ತೀಯೇನಪ್ಪಾ?"

ವಸ್ತುಸಂಗ್ರಹಾಲಯದ ಶೆಡ್ಡಿನಲ್ಲಿ ಮುದುಕ ಹಿಡಿಯನ್ನು ತಾನೇ ಎಳೆದ, ಬಿಟ್ಟ, ಮತ್ತೆ ಎಳೆದ. ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದ. "ಬಲಗಡೆ ಬೋಲ್ಟು ಜಾಸ್ತಿ ಬಿಗಿ ಮಾಡಿದೀಯ. ಯಾರು ಕಲಿಸಿದ್ರೋ ನಿಂಗೆ?" ಎಂದು ಗದರಿದ. ಫಿಟ್ಟರ್ ತಲೆ ತಗ್ಗಿಸಿ ಸಡಿಲ ಮಾಡಿದ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಕ್ಕ ಎದ್ದು ನಿಂತಳು. ಚಿಕ್ಕಪ್ಪ ಅವಳ ಕಡೆ ನೋಡದೆ ಗೇಟು ದಾಟಿ ಹೋದ.

ಪ್ರದರ್ಶನ ಶುರುವಾದ ದಿನ ಚಕ್ರ ತಿರುಗಿತು, ಜನ ಚಪ್ಪಾಳೆ ತಟ್ಟಿದರು. ಚಿಕ್ಕಪ್ಪ ಬರಲಿಲ್ಲ. ಅಕ್ಕ ಈಗ ಪ್ರತಿ ಭಾನುವಾರ ಅವನಲ್ಲಿಗೆ ಹೋಗುತ್ತಾಳೆ. ಅವನು ಬಾಗಿಲು ತೆಗೆಯುತ್ತಾನೆ, ಕುರ್ಚಿ ತೋರಿಸುತ್ತಾನೆ. ಆ ದಿನದ ಮೇಲೆ ಮಾತು ಮಾತ್ರ ಇನ್ನೂ ಆಡಿಲ್ಲ.