ಕೋಳಿಗೂಡಿನ ಮಿಷಿನ್ನು

"ಲೇ ಮುಂಡೆ, ಹಿಂದಕ್ಕೆ ಸರಿ! ನಿನ್ ಜೊತೆ ಕೋಲು ಹಿಡಿಯೋ ಗಂಡಸು ಎಲ್ಲವ್ನೆ? ಗುಂಡಿಯಿಂದ ಎಬ್ಬಿಸ್ಕೊಂಡ್ ಬತ್ತೀಯಾ?"

ಹಾಗಂದ ಮೇಸ್ತ್ರಿ ಕ್ರಿಸಾಂತೊ ತನ್ನ ಮಾತಿಗೆ ತಾನೇ ಹಲ್ಲುಕಿರಿದ. ಲಾರಿ ಹತ್ತಿ ಕೂತವರಲ್ಲೂ ಕೆಲವರು ಕಿಸಕ್ಕೆಂದರು. ಕೆಳಗೆ ನಿಂತಿದ್ದ ಒಬ್ದೂಲಿಯ ಮಾತ್ರ ಸರಿಯಲಿಲ್ಲ. ಚೌಕದ ಕಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದಂತೆ ಕಾಣುತ್ತಿತ್ತು. ಅವಳ ಬೆನ್ನಿಗೆ ಇನ್ನೂ ಐವರು ಹೆಂಗಸರು, ಎಲ್ಲರೂ ಕರಿಬಟ್ಟೆಯ ವಿಧವೆಯರು.

ಆಲಿವ್ ಕೊಯ್ಲಿಗೆ ಧಣಿ ಜೋಡಿಯನ್ನೇ ಕರೆಸುತ್ತಿದ್ದ. ಗಂಡ ಉದ್ದನೆಯ ಕೋಲಿನಿಂದ ಮರ ಬಡಿಯಬೇಕು, ಹೆಂಡತಿ ಮಂಡಿಯೂರಿ ನೆಲದಿಂದ ಕಾಯಿ ಆರಿಸಬೇಕು. ಗಂಡ ಸತ್ತನೋ, ಹೆಂಡತಿಯ ಹತ್ತು ಬೆರಳೂ ಅವನ ಜೊತೆಗೇ ಮಣ್ಣಾದವು ಅಂತ ಅರ್ಥ.

"ನನ್ ಮಂಡಿ ಇನ್ನೂ ಸತ್ತಿಲ್ಲ ಕಣೋ ಕ್ರಿಸಾಂತೊ. ನೀನು ಹೊಟ್ಟೇಲಿದ್ದಾಗ ನಿಮ್ಮವ್ವನ ಪಕ್ಕದಲ್ಲೇ ಆರಿಸ್ದೋಳು ನಾನು."

"ನಮ್ಮವ್ವ ಸತ್ತವ್ಳೆ."

"ಅದ್ಕೇ ನಿನ್ ಕಿವಿ ಹಿಂಡೋರಿಲ್ಲ."

ಲಾರಿ ಹೊರಟಿತು. ಮೇಲಿದ್ದ ನಲವತ್ತು ಗಂಡಸರಲ್ಲಿ ಮೂವತ್ತು ಜನರ ಜೇಬಲ್ಲಿ ಕಮ್ಯುನಿಸ್ಟ್ ಪಾರ್ಟಿಯ ಹೊಸ ಕಾರ್ಡಿತ್ತು. ಒಬ್ಬನೂ ಕೆಳಗಿಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಒಬ್ದೂಲಿಯ ಪಾರ್ಟಿ ಆಫೀಸಿಗೆ ಹೋದಳು. ಒಳಗೆ ಬೆಂಚುಗಳು ಬೆನ್ನಿಗೆ ಬೆನ್ನು ತಿರುಗಿಸಿ ಕೂತಿದ್ದವು. ಬರುವ ಮಹಾಧಿವೇಶನದಲ್ಲಿ ಪಾರ್ಟಿಯ ನಿಯಮದಿಂದ ಲೆನಿನ್ ಹೆಸರು ತೆಗೆಯಬೇಕೋ ಬೇಡವೋ ಅಂತ ಮೂರು ವಾರದಿಂದ ಜಗಳ. ತೆಗೆಯಿರಿ ಅನ್ನುವವರಿಗೆ ಸ್ಕೂಲ್ ಮೇಷ್ಟ್ರು ಬಾಲ್ಬಿನೊ ಮುಖಂಡ. ಸರ್ವಾಧಿಕಾರಿ ಸತ್ತು, ಪಾರ್ಟಿಗೆ ಕಾನೂನಿನ ಒಪ್ಪಿಗೆ ಸಿಕ್ಕ ಮೇಲೆ ಧೈರ್ಯವಾಗಿ ಕಾಮ್ರೇಡ್ ಆದವನು. ಇರಲಿ ಅನ್ನುವವರಿಗೆ ಕ್ಷೌರಿಕ ಎಲಾದಿಯೊ. ಆ ಕೆಟ್ಟ ಕಾಲದಲ್ಲೆಲ್ಲ ಪ್ರತಿ ಶನಿವಾರ ಪೊಲೀಸ್ ಸಾರ್ಜೆಂಟನ ಗಡ್ಡ ಹೆರೆದವನು, ಒಂದು ಸಲವೂ ಕತ್ತಿ ಜಾರಿಸದವನು.

"ನಾಳೆ ನಮ್ಮಾರು ಜನಾನ ಹತ್ತಿಸ್ಕೊಳ್ದಿದ್ರೆ ನೀವ್ಯಾರೂ ಲಾರಿ ಹತ್ಬೇಡಿ," ಅಂದಳು ಒಬ್ದೂಲಿಯ. "ಅಷ್ಟೇ ನಾನು ಕೇಳೋದು."

ಬಾಲ್ಬಿನೊ ಕನ್ನಡಕ ಒರೆಸಿಕೊಂಡ. "ನೋಡಿಯಮ್ಮಾ, ಮುಷ್ಕರ ಮಾಡಲ್ಲ ಅಂತ ಸರ್ಕಾರದ ಜೊತೆ ನಮ್ಮೋರೇ ಒಪ್ಪಂದಕ್ಕೆ ಸಹಿ ಹಾಕಿದಾರೆ. ಪ್ರಜಾಪ್ರಭುತ್ವ ಇನ್ನೂ ಹಸುಗೂಸು. ಈಗ ಗಲಾಟೆ ಮಾಡಿದ್ರೆ ಮಿಲಿಟರಿಯೋರು ತಿರುಗಾ ಎದ್ದು ಬರ್ತಾರೆ."

"ಹೂಂ, ನಿಮ್ ಕೂಸು ಮಲಗ್ಲಿ ಅಂತ ನಾವು ಉಪವಾಸ ಬೀಳ್ಬೇಕಾ?"

"ಹಂಗ್ ಹೇಳಕ್ಕ!" ಎಲಾದಿಯೊ ಎದ್ದು ನಿಂತ. "ಇವ್ರು ಸರ್ವಾಧಿಕಾರಿ ಕೂರ್ಸಿಹೋದ ರಾಜನ ಬೂಟು ನೆಕ್ಕೋರು. ನಿನ್ ಜೊತೆ ನಾವಿದೀವಿ. ಲೆನಿನ್ ವಿಷ್ಯ ಒಂದು ಇತ್ಯರ್ಥ ಆಗೋಗ್ಲಿ, ಆಮೇಲೆ ಹೆಂಗಸ್ರದ್ದೇ ತಗೊಳಾಣ."

"ಲೆನಿನ್ನಿಗೇನಪ್ಪ ಅರ್ಜೆಂಟು? ಅವ್ನು ಗಾಜಿನ ಪೆಟ್ಟಿಗೇಲಿ ಆರಾಮಾಗಿ ಮಲಗವ್ನೆ. ನನ್ ಒಲೆ ಆರೋಗೈತೆ."

ಆಗ ಮುಖಂಡರಿಬ್ಬರಿಗೂ ಒಟ್ಟಿಗೇ ಮಿಷಿನ್ನು ನೆನಪಾಯಿತು. ಅದು ಯಾರ ಕೈಲಿದೆಯೋ ಅವರದೇ ಅಸಲಿ ಪಾರ್ಟಿ ಅಂತ ಇಬ್ಬರ ಲೆಕ್ಕ.

ಹದಿನಾಲ್ಕು ವರ್ಷ ಒಬ್ದೂಲಿಯಳ ಕೋಳಿಗೂಡಿನಲ್ಲಿ, ಹಿಕ್ಕೆಯ ಕೆಳಗೆ, ಪಾರ್ಟಿಯ ಸೈಕ್ಲೋಸ್ಟೈಲ್ ಮಿಷಿನ್ನು ಅಡಗಿತ್ತು. ಊರಲ್ಲಿ ಹಂಚಿದ ಕಳ್ಳ ಕರಪತ್ರವೆಲ್ಲ ಅದರಿಂದಲೇ ಬಂದದ್ದು, ಹಿಡಿ ತಿರುಗಿಸಿದವಳು ಅವಳೇ. ಅದೆಲ್ಲಿದೆ ಹೇಳು ಅಂತ ಪೊಲೀಸರು ಅವಳ ಗಂಡ ಮತೀಯಾಸನ ಪಕ್ಕೆಲುಬು ಮುರಿದರು. ಅವನು ಹೇಳಲಿಲ್ಲ. ರಕ್ತ ಕಾರುತ್ತ ಮನೆಗೆ ಬಂದವನು ಮುಂದಿನ ಕೊಯ್ಲು ನೋಡಲಿಲ್ಲ.

"ಮಿಷಿನ್ನು ಪಾರ್ಟಿ ಆಸ್ತಿ," ಅಂದ ಬಾಲ್ಬಿನೊ.

"ಯಾವ ಪಾರ್ಟಿನಯ್ಯಾ? ನಿಂದಾ, ನಮ್ದಾ?" ಎಲಾದಿಯೊ ತೋಳು ಮಡಿಸಿದ.

ಒಬ್ದೂಲಿಯ ಇಬ್ಬರ ಮುಖವನ್ನೂ ನೋಡಿದಳು. "ನಾಳೆ ಮಿಷಿನ್ನು ಚೌಕಕ್ಕೆ ತತ್ತೀನಿ. ಯಾವ ಕಡೆ ಗಂಡಸ್ರು ನಮ್ಗೋಸ್ಕರ ಲಾರಿ ಹತ್ತದೆ ನಿಂತ್ಕೊಂತಾರೋ, ಅವ್ರೇ ತಗೊಂಡೋಗ್ಲಿ."

ಇಬ್ಬರೂ ಎದೆ ಮೇಲೆ ಕೈಯಿಟ್ಟು ಆಣೆ ಮಾಡಿದರು. ಮುಷ್ಕರದ ಮಾತು ಬಂದಾಗ ಒಪ್ಪಂದ ಹಿಡಿದುಕೊಂಡಿದ್ದ ಮೇಷ್ಟ್ರಿಗೆ ಮಿಷಿನ್ನಿನ ಮಾತು ಬಂದಾಗ ಅದು ಮರೆತೇ ಹೋಗಿತ್ತು.

ಸೋಮವಾರ ಬೆಳಗ್ಗೆ ಮೇಷ್ಟ್ರ ಕಡೆಯವರು ನೀರಿನ ತೊಟ್ಟಿಯ ಹತ್ತಿರ, ಕ್ಷೌರಿಕನ ಕಡೆಯವರು ಚರ್ಚಿನ ಮೆಟ್ಟಿಲ ಮೇಲೆ. ಮುಖಂಡರಿಬ್ಬರೂ ಕೋಟು ಹಾಕಿಕೊಂಡು ನಿಂತಿದ್ದರು. ಅವರಂತೂ ಆ ಲಾರಿ ಹತ್ತಿದವರೇ ಅಲ್ಲ. ವಿಧವೆಯರು ಕೈಗಾಡಿಯಲ್ಲಿ ಮಿಷಿನ್ನಿಟ್ಟು, ಕಂಬಳಿ ಮುಚ್ಚಿ, ಸತ್ತ ಗಂಡಂದಿರ ಕೋಲು ಹಿಡಿದು ಬಂದರು.

ಕ್ರಿಸಾಂತೊ ಹೆಸರು ಕೂಗಿದ. ಕಾರ್ಡಿಲ್ಲದ ಹತ್ತು ಜನ ಹತ್ತಿದರು, ಮಿಕ್ಕ ಯಾರೂ ಅಲುಗಲಿಲ್ಲ. ಒಬ್ದೂಲಿಯ ಕಂಬಳಿಯ ಅಂಚಿಗೆ ಕೈ ಹಾಕಿದಳು.

ಅಷ್ಟರಲ್ಲಿ ತೊಟ್ಟಿಯ ಕಡೆ ಗುಸುಗುಸು. "ಎಲಾದಿಯೊ ಕಡೆಯೋರೂ ನಿಂತವ್ರಲ್ಲೋ. ಮುಷ್ಕರ ಗೆದ್ರೆ ಹೆಸ್ರು ಅವ್ರಿಗೇ." ಒಬ್ಬ ಲಾರಿ ಹತ್ತಿದ. ಹಿಂದೆಯೇ ಎಲ್ಲರೂ.

ಮೆಟ್ಟಿಲ ಕಡೆ ಉಗಿದರು. "ನೋಡ್ರೋ ದ್ರೋಹಿಗಳ್ನ! ಅವ್ರು ದುಡ್ಕೊಂಡ್ ಉಣ್ಬೇಕು, ನಾವು ಗಾಳಿ ಕುಡೀಬೇಕಾ?" ಹಾಗೆ ಬೈಯುತ್ತ ಬೈಯುತ್ತಲೇ ಅವರೂ ಹತ್ತಿದರು.

"ಥೂ, ನಿಮ್ ಜನ್ಮಕ್ಕೆ," ಅಂದಳು ಕಾಸಿಲ್ದ, ವಿಧವೆಯರಲ್ಲಿ ಕಿರಿಯಳು.

ಒಬ್ದೂಲಿಯ ಕೈಗಾಡಿ ತಳ್ಳಿಕೊಂಡು ಹೋಗಿ ಲಾರಿಯ ಮುಂದಿನ ಚಕ್ರಕ್ಕೆ ಅಡ್ಡ ನಿಲ್ಲಿಸಿದಳು. ಕಂಬಳಿ ಎಳೆದಳು. ಪಕ್ಕದಲ್ಲೇ, ಹೆಪ್ಪುಗಟ್ಟಿದ ಕಲ್ಲಿನ ಮೇಲೆ ಮಂಡಿಯೂರಿ ಕೂತಳು.

"ಓಡ್ಸೋ!" ಕ್ರಿಸಾಂತೊ ಕಿರುಚಿದ. "ಎದ್ದೋಡ್ತಾಳೆ, ಓಡ್ಸು!"

ಲಾರಿ ಗುರ್ರೆಂದು ಒಂದು ಮೊಳ ಮುಂದೆ ಬಂತು. ಅವಳು ಏಳಲಿಲ್ಲ.

"ನಿಲ್ಸೋ! ಮಿಷಿನ್ನು!" ಬಾಲ್ಬಿನೊ ಕೂಗಿದ.

"ನಿಲ್ಸೋ ಬೋಳಿಮಗನೇ! ಮಿಷಿನ್ನು!" ಎಲಾದಿಯೊ ಕೂಗಿದ.

ಮೂರು ವಾರದಲ್ಲಿ ಇಬ್ಬರೂ ಒಪ್ಪಿದ ಮೊದಲನೇ ಮಾತು ಅದು. ಅವಳ ಹೆಸರು ಇಬ್ಬರ ಬಾಯಲ್ಲೂ ಬರಲಿಲ್ಲ. ಲಾರಿಯಿಂದ ಗಂಡಸರು ದಬದಬನೆ ಧುಮುಕಿದರು. ಕಾರ್ಡಿದ್ದವರು ಎಳೆಯಲು, ಇಲ್ಲದವರು ತಮಾಷೆ ನೋಡಲು. ಈ ಕಡೆಯಿಂದ ಹದಿನೈದು ಕೈ, ಆ ಕಡೆಯಿಂದ ಹದಿನೈದು ಕೈ. ಕೈಗಾಡಿ ಮಗುಚಿತು. ಮಿಷಿನ್ನಿನ ಹಿಡಿ ಕಿತ್ತುಕೊಂಡು ಕ್ಷೌರಿಕನ ಕೈಗೆ ಬಂತು. ಉರುಳೆ ಮೇಷ್ಟ್ರ ತೆಕ್ಕೆಯಲ್ಲಿ ಉಳಿಯಿತು, ಹಳೆಯ ಶಾಯಿ ಅವನ ಕೋಟಿಗೆಲ್ಲ ಮೆತ್ತಿತು.

ಒಬ್ದೂಲಿಯ ಎದ್ದಳು. ಮಂಡಿ ಕೊಡವಿಕೊಂಡಳು. ಐವರ ಕಡೆ ತಲೆಯಾಡಿಸಿ, ಖಾಲಿ ಲಾರಿಯ ಹಿಂದಿನಿಂದ ಹತ್ತಿದಳು. ಐವರೂ ಹತ್ತಿದರು. ಆರು ಕೋಲು ಆಕಾಶಕ್ಕೆ ನೆಟ್ಟಗೆ ನಿಂತವು.

"ಇಳೀರೇ! ಯಾರೇ ನಿಮ್ಮನ್ ಕರ್ದೋರು?" ಕ್ರಿಸಾಂತೊನ ಮುಖ ಕೆಂಪಾಗಿತ್ತು.

"ಬಿಸ್ಲು ಏರ್ತಾ ಐತೆ ಮೇಸ್ತ್ರಿ. ಧಣಿ ಕಾಯ್ತವ್ನೆ," ಅಂದಳು ಒಬ್ದೂಲಿಯ. "ಗಂಡಸ್ರೆಲ್ಲ ಕೆಳಗವ್ರೆ. ಮುಂಡೇರು ಮೇಲವ್ರೆ. ಕೋಲೂ ನಮ್ದೇ, ಮಂಡೀನೂ ನಮ್ದೇ. ಓಡ್ಸ್ತೀಯೋ, ಇಲ್ಲಾ ಪೊಲೀಸ್ರನ್ನ ಕರೀತೀಯೋ?"

ಡ್ರೈವರ್ ಗೇರಿನ ಮೇಲೆ ಕೈಯಿಟ್ಟು ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ನೆಲದ ಮೇಲೆ ಹೊರಳಾಡುತ್ತಿದ್ದ ಗಂಡಸರನ್ನು ನೋಡಿದ.

ಒಬ್ದೂಲಿಯ ಮತೀಯಾಸನ ಕೋಲೆತ್ತಿ, ಹೊರಡು ಅಂತ ಡ್ರೈವರನ ತಲೆಯ ಮೇಲಿನ ತಗಡಿಗೆ ಬಡಿದಳು. ಕಾಸಿಲ್ದ ಬಡಿದಳು. ಆಮೇಲೆ ಆರೂ ಕೋಲು ಒಟ್ಟಿಗೆ.